ಶಾಲೆಗೆ ಬರಲಿ ತೊಗಲುಗೊಂಬೆ

ತೊಗಲುಗೊಂಬೆಯ ಸೊಗಸು ಕಾಣುವುದು ದೀಪದ ಮುಂದೆ. ಆಡಿನ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಬಣ್ಣ ಹಚ್ಚುತ್ತಾರೆ. ಒಡವೆ, ಕಿರೀಟ, ಸೆರಗಿನ ಅಂಚು ಎಲ್ಲವೂ ಕೊರೆದ ಸಣ್ಣ ಸಣ್ಣ ತೂತುಗಳೇ. ಪರದೆಯ ಮೇಲೆ ಅವು ಮಿನುಗುತ್ತವೆ. ನೆರಳೆಂದರೆ ಕಪ್ಪು ಎಂದುಕೊಂಡ ಮಗುವಿನೆದುರು ಕೆಂಪು, ಹಸಿರು ಬಣ್ಣಗಳ ಸಮೇತ ರಾವಣ ಎದ್ದು ನಿಲ್ಲುತ್ತಾನೆ. ಎಂಥ ಬೆರಗು ಅದು!

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಆ ಗೌರವ ತರಗತಿಗೂ ತಲುಪಬೇಕು. ದಪ್ಪ ಕಾಗದ, ಬಣ್ಣದ ಗಾಜುಕಾಗದ, ತೆಂಗಿನ ಕಡ್ಡಿ, ಒಂದು ಬಿಳಿ ಪಂಚೆ ಇದ್ದರೆ ಮಕ್ಕಳೇ ಆಟ ಕಟ್ಟಬಲ್ಲರು. ಮೇಷ್ಟ್ರೇ, ಟೀಚರೇ, ಈ ಸಲದ ವಾರ್ಷಿಕೋತ್ಸವಕ್ಕೆ ಒಂದು ಮೇಳವನ್ನು ಕರೆಸಿ. ತಕ್ಕ ಸಂಭಾವನೆಯನ್ನೂ ಕೊಡಿ.