ಒಳಮನೆಯಿಂದ ಕೇಳಿಸಿಕೊಳ್ಳುವವರು

ಅಮೆರಿಕದ ಮಾರ್ಮನ್ ಪಂಥದವರಲ್ಲಿ ಒಂದು ಮಾತು ಬಳಕೆಯಲ್ಲಿದೆ. ಚರ್ಚನ್ನು ಬಿಟ್ಟುಹೋದವರು ಚರ್ಚನ್ನೇನೋ ಬಿಡುತ್ತಾರೆ, ಆದರೆ ಅದರ ಗೊಡವೆಯನ್ನು ಬಿಡಲಾರರು ಎಂದು. ಹೇಳುವವರ ದನಿಯಲ್ಲಿ ಸಣ್ಣದೊಂದು ಗೆಲುವಿನ ನಗೆ ಇರುತ್ತದೆ. ಬಿಟ್ಟ ಮೇಲೆ ಊರ ಉಸಾಬರಿ ಯಾಕೆ ಎಂಬ ಧಾಟಿ. ಬಿಟ್ಟುಹೋದವರಿಗೂ ಒಳಗೊಳಗೇ ನಂಬಿಕೆ ಇದೆ, ಅದಕ್ಕೇ ಅವರಿಗೆ ನೆಮ್ಮದಿಯಿಲ್ಲ ಎಂಬುದು ಆ ನಗೆಯ ಅರ್ಥ. ಇದಕ್ಕೆ ಅವರು ಕೊಡುವ ದೊಡ್ಡ ಸಾಕ್ಷಿಯೆಂದರೆ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಆರಂಭದಲ್ಲಿ ನಡೆಯುವ ಚರ್ಚಿನ ಮಹಾಸಭೆಯ ಪ್ರಸಾರವನ್ನು ಬಿಟ್ಟವರೂ ಕೂತು ನೋಡುತ್ತಾರೆ ಎನ್ನುವುದು.

ನೋಡುತ್ತಾರೆ, ನಿಜ. ಎಲ್ಲರೂ ಅಲ್ಲ. ಆ ಎರಡು ದಿನ ಬೇಕೆಂದೇ ಬೆಟ್ಟ ಹತ್ತಲು ಹೋಗುವವರೂ ಇದ್ದಾರಂತೆ. ಆದರೆ ನೋಡುವವರು ಯಾಕೆ ನೋಡುತ್ತಾರೆ ಎಂಬುದಕ್ಕೆ ಆ ಗಾದೆಯಂಥ ಮಾತು ಕೊಡುವ ಉತ್ತರ ನನಗೆ ಒಪ್ಪಿಗೆಯಿಲ್ಲ.

ಹೆಸರು ಕೇಳದವರಿಗಾಗಿ ಎರಡು ಮಾತು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ ಪಂಥ ಇದು. ಆತನನ್ನು ವಿರೋಧಿಗಳು ಕೊಂದ ಮೇಲೆ ಬ್ರಿಗಮ್ ಯಂಗ್ ಎಂಬವರ ಹಿಂದೆ ಗಾಡಿ ಕಟ್ಟಿಕೊಂಡು ಹೊರಟವರು 1847ರಲ್ಲಿ ಯೂಟಾದ ಉಪ್ಪುಸರೋವರದ ಬಯಲಿಗೆ ಬಂದು ನೆಲೆಸಿದರು. ಈಗಿನ ಸಾಲ್ಟ್ ಲೇಕ್ ಸಿಟಿ ಅದೇ. ಚರ್ಚಿನ ಅಧ್ಯಕ್ಷರನ್ನು ಅವರು ಪ್ರವಾದಿ ಎಂದೇ ನಂಬುತ್ತಾರೆ. ಮಹಾಸಭೆಯ ಭಾಷಣಗಳು 1924ರಿಂದ ರೇಡಿಯೋದಲ್ಲಿ, 1949ರಿಂದ ಟೆಲಿವಿಷನ್ನಿನಲ್ಲಿ ಬರುತ್ತಿವೆ. 2000ದಲ್ಲಿ ಕಟ್ಟಿದ ಸಭಾಭವನದಲ್ಲಿ 21 ಸಾವಿರ ಜನ ಕೂರಬಹುದು. ಆದರೂ ಹೆಚ್ಚಿನವರು ಕೇಳುವುದು ಮನೆಯಲ್ಲೇ.

ಆ ‘ಮನೆಯಲ್ಲೇ’ ಎನ್ನುವುದನ್ನು ಸ್ವಲ್ಪ ಗಮನಿಸಬೇಕು. ಬೇರೆ ಭಾನುವಾರಗಳಲ್ಲಿ ಮಕ್ಕಳಿಗೆ ಟೈ ಕಟ್ಟಿ, ಬೂಟು ತೊಡಿಸಿ ಚರ್ಚಿಗೆ ಹೊರಡಿಸುವ ತಾಯಂದಿರಿಗೆ ಈ ಎರಡು ದಿನ ಬಿಡುವು. ರಾತ್ರಿಯುಡುಪಿನಲ್ಲೇ ಸೋಫಾದ ಮೇಲೆ ಬಿದ್ದುಕೊಂಡು ನೋಡುತ್ತಾರೆ. ಬೆಳಿಗ್ಗೆ ದಾಲ್ಚಿನ್ನಿ ಸವರಿದ ಸುರುಳಿ ಬನ್ನುಗಳ ಘಮ. ಚಿಕ್ಕಮಕ್ಕಳಿಗೆ ಬಣ್ಣ ತುಂಬುವ ಹಾಳೆಗಳು, ಯಾವ ಪದ ಎಷ್ಟು ಸಲ ಬಂತು ಎಂದು ಗುರುತು ಹಾಕುವ ಆಟದ ಚೀಟಿಗಳು. ನಡುನಡುವೆ ಆ ಪ್ರಸಿದ್ಧ ಗಾಯಕವೃಂದದ ಹಾಡು. ಹೀಗೆ ಬೆಳೆದವರಿಗೆ ಪ್ರಸಾರವೆಂದರೆ ಉಪದೇಶಕ್ಕಿಂತ ಮೊದಲು ಹಬ್ಬದ ಬೆಳಗು. ದೇವರಲ್ಲಿ ನಂಬಿಕೆ ಹೋದ ಮೇಲೂ ಗೌರಿಹಬ್ಬದ ದಿನ ಹೋಳಿಗೆ ತಟ್ಟುವವರು ನಮ್ಮಲ್ಲಿ ಇಲ್ಲವೇ? ಕೇಳುವುದಕ್ಕೆ ಇದೊಂದು ಕಾರಣ, ಒಪ್ಪುತ್ತೇನೆ. ಆದರೆ ಬನ್ನಿನ ವಾಸನೆಗಾಗಿ ಯಾರೂ ಎರಡೆರಡು ಗಂಟೆಯ ಅಧಿವೇಶನಗಳನ್ನು ಒಂದರ ಮೇಲೊಂದು ನೋಡುವುದಿಲ್ಲ.

ನಾನು ಈ ಪ್ರಸಾರವನ್ನು ಮೊದಲು ನೋಡಿದ್ದು 2019ರ ಏಪ್ರಿಲ್‌ನಲ್ಲಿ. ಯೂಟಾದಲ್ಲಿರುವ ನನ್ನ ತಂಗಿಯ ಮಗಳ ಬಾಣಂತನಕ್ಕೆಂದು, ಇದ್ದಬದ್ದ ರಜೆಯನ್ನೆಲ್ಲ ಬೇಸಿಗೆ ರಜೆಗೆ ಸೇರಿಸಿಕೊಂಡು ಹೋಗಿದ್ದೆ. ಪಕ್ಕದ ಮನೆಯಾಕೆ ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಬಾಣಂತಿಗೆ ಸೂಪು ಮಾಡಿ ತಂದುಕೊಡುತ್ತಿದ್ದರು. ನಾನು ಬೆಂಗಳೂರಿನ ಕಡೆಯವಳೆಂದು ತಿಳಿದು, “ಹೋದ ವರ್ಷ ಇದೇ ಸಭೆಯಲ್ಲಿ ನಿಮ್ಮೂರಿನ ಹೆಸರು ಬಂತಲ್ಲ!” ಎಂದರು. 2018ರ ಏಪ್ರಿಲ್ ಸಭೆಯಲ್ಲಿ ಅಧ್ಯಕ್ಷ ರಸೆಲ್ ನೆಲ್ಸನ್ ಬೆಂಗಳೂರಿನಲ್ಲಿ ಮಂದಿರ ಕಟ್ಟುವುದಾಗಿ ಪ್ರಕಟಿಸಿದ್ದರು. ಭಾರತಕ್ಕೇ ಮೊದಲನೆಯದು. 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಗುದ್ದಲಿಪೂಜೆಯಂಥದ್ದೂ ಆಯಿತು. ಆಕೆ ಚರ್ಚು ಬಿಟ್ಟು ಹತ್ತು ವರ್ಷವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. “ಬಿಟ್ಟವರಿಗೆ ಯಾಕೆ ಇದೆಲ್ಲ, ದೊಡ್ಡಮ್ಮ?” ಎಂದು ತಂಗಿಯ ಮಗಳು ನನ್ನನ್ನೇ ಕೇಳಿದಳು. ಅವಳಿಗೆ ನಾನು ಆಗ ಏನು ಹೇಳಿದೆನೋ ನೆನಪಿಲ್ಲ. ಕೂಸು ಅಳುತ್ತಿತ್ತು.

ಭಾನುವಾರ ಆಕೆಯ ಜೊತೆ ಕೂತು ನೋಡಿದೆ. ಭಾಷಣಗಳಿಗೆ ಒಂದು ಅಚ್ಚಿದೆ. ಒಂದು ಸಂಸಾರದ ಕಥೆ, ಅದರಿಂದ ಒಂದು ನೀತಿ, ಗ್ರಂಥದ ವಾಕ್ಯ, ಗದ್ಗದಿತ ಸಾಕ್ಷಿ, ಆಮೆನ್. ಬರೆದುಕೊಂಡ ಭಾಷಣಗಳು, ಅಳತೆ ತಪ್ಪದ ಸಮಯ. ಮಾತಾಡುವವರಲ್ಲಿ ಹೆಂಗಸರು ಬೆರಳೆಣಿಕೆ. ಈ ಸಭೆಯಲ್ಲಿ ಹೆಂಗಸೊಬ್ಬಳು ನಿಂತು ಪ್ರಾರ್ಥನೆ ಹೇಳಿದ್ದೇ 2013ರ ಏಪ್ರಿಲ್‌ನಲ್ಲಿ, ಚರ್ಚು ಹುಟ್ಟಿ 183 ವರ್ಷವಾದ ಮೇಲೆ. ಹೋಗಲಿ, ನನಗೆ ಇರುಸುಮುರುಸಾದದ್ದು ಆ ಹೆಂಗಸರ ದನಿಯಿಂದ. ಮೆತ್ತಗೆ, ಎಳೆದೆಳೆದು, ಪ್ರತಿ ವಾಕ್ಯದ ಕೊನೆಗೆ ಸ್ವಲ್ಪ ಮೇಲೆತ್ತಿ ಮಾತಾಡುವ ದನಿ. ಆ ದನಿಗೆ ಅಲ್ಲಿ ಒಂದು ಹೆಸರೇ ಇದೆ, ‘ಪ್ರೈಮರಿ ವಾಯ್ಸ್’ ಎಂದು. ಚರ್ಚಿನ ಮಕ್ಕಳ ಶಾಲೆಗೆ ಪ್ರೈಮರಿ ಎನ್ನುತ್ತಾರೆ, ಅದರಿಂದ ಬಂದದ್ದು. ನನಗೆ ಆ ದನಿ ಚೆನ್ನಾಗಿ ಗೊತ್ತು. ಜೂನ್ ತಿಂಗಳಲ್ಲಿ ಒಂದನೇ ತರಗತಿಗೆ ಬಂದು ಅಳುವ ಮಕ್ಕಳಿಗೆ ನಾವು ಬಳಸುವ ದನಿ ಅದು. ಮೂರು ವಾರದ ಮೇಲೆ ನಾವೇ ಬಿಟ್ಟುಬಿಡುತ್ತೇವೆ, ಇಲ್ಲದಿದ್ದರೆ ಮಕ್ಕಳು ಪಾಠ ಕೇಳುವುದಿಲ್ಲ. ಎದುರಿಗೆ ಕೂತವರು ಡಾಕ್ಟರು, ವಕೀಲರು, ಆರು ಮಕ್ಕಳನ್ನು ಹೆತ್ತು ಸಾಕಿದವರು. ಅವರ ಜೊತೆ ಈ ದನಿಯಲ್ಲಿ ಮಾತಾಡಿದರೆ ಅದು ಮೃದುತ್ವವಲ್ಲ, ಅವರ ಬುದ್ಧಿಗೆ ಮಾಡುವ ಅವಮಾನ. ಚರ್ಚು ಬಿಟ್ಟ ಹೆಂಗಸರು ಈ ದನಿಯನ್ನು ಅಣಕಿಸಿ ನಗುತ್ತಾರೆ. ಆದರೆ ಅದೇ ದನಿ ಕಿವಿಗೆ ಬಿದ್ದೊಡನೆ ತಮ್ಮ ಬೆನ್ನು ತಾನೇ ನೆಟ್ಟಗಾಗುತ್ತದೆ ಎಂದು ನೆರೆಯಾಕೆ ಹೇಳಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಕೆ ಕೇಳುತ್ತಿದ್ದ ರೀತಿ ಭಕ್ತೆಯದಾಗಿರಲಿಲ್ಲ, ವೈರಿಯದೂ ಆಗಿರಲಿಲ್ಲ. ಒಳಮನೆಯಲ್ಲಿ ಕೂತ ಸೊಸೆ ಪಡಸಾಲೆಯ ಹಿರಿಯರ ಮಾತನ್ನು ಕೇಳಿಸಿಕೊಳ್ಳುವ ರೀತಿ ಅದು. ಮಾತು ಅವಳ ಬಗ್ಗೆಯೇ ನಡೆದಿದೆ, ಆದರೆ ಅವಳ ಜೊತೆಯಲ್ಲಿ ಅಲ್ಲ. ತೀರ್ಮಾನವಾದದ್ದು ಸಂಜೆಯೊಳಗೆ ಅವಳ ಕೈಗೆ ಬರುತ್ತದೆ. ಈ ಭಾಷಣಗಳು ಭಾನುವಾರಕ್ಕೇ ಮುಗಿಯುವುದಿಲ್ಲ. ಚರ್ಚಿನ ಪತ್ರಿಕೆಯಲ್ಲಿ ಅಚ್ಚಾಗುತ್ತವೆ, ರಿಲೀಫ್ ಸೊಸೈಟಿ ಎಂಬ ಮಹಿಳಾ ಸಂಘದಲ್ಲಿ ಮುಂದಿನ ಆರು ತಿಂಗಳು ಅವನ್ನೇ ಚರ್ಚಿಸುತ್ತಾರೆ. ತಾಯಿ, ಅಕ್ಕ, ಮಗಳು ಒಳಗಿದ್ದರೆ, ಹೊರಗಿದ್ದವಳನ್ನು ಅವರು ಹೇಗೆ ನೋಡಬೇಕೆಂಬುದು ಅಲ್ಲಿಂದ ಬರುತ್ತದೆ.

ನಾನು ನೋಡಿದ ಆ ಭಾನುವಾರವೇ ನೆಲ್ಸನ್ ಒಂದು ಭಾಷಣ ಮಾಡಿದರು. ಸತ್ತ ಮೇಲೂ ಕುಟುಂಬ ಕೂಡಿರಬೇಕಾದರೆ ಮಂದಿರದ ವ್ರತಗಳನ್ನು ಸ್ವೀಕರಿಸಿ ಪಾಲಿಸಬೇಕು ಎಂಬುದು ಅದರ ಸಾರ. ಅವರ ಧ್ವನಿಯಲ್ಲಿ ಕಠೋರತೆ ಏನೂ ಇರಲಿಲ್ಲ. ಅಜ್ಜನಂತೆ, ಅಂಗಲಾಚಿ ಹೇಳಿದರು. ನೆರೆಯಾಕೆ ಟಿವಿ ನೋಡುತ್ತಲೇ, “ಇವತ್ತು ರಾತ್ರಿ ನಮ್ಮಮ್ಮ ಅಳುತ್ತಾಳೆ. ನಾಳೆ ಫೋನು ಮಾಡುತ್ತಾಳೆ” ಎಂದರು. ಎಂಬತ್ತು ದಾಟಿದ ತಾಯಿ ಆಕೆಗೆ. ಸೋಮವಾರ ಬರುವ ಆ ಫೋನಿಗೆ ತಯಾರಾಗಿರಲೆಂದು ಭಾನುವಾರ ಕೂತು ಕೇಳುವುದು. ಮಳೆಗಾಲದಲ್ಲಿ ರೈತ ಹವಾಮಾನ ವಾರ್ತೆಯನ್ನು ಪ್ರೀತಿಯಿಂದಲೂ ಕೇಳುವುದಿಲ್ಲ, ದ್ವೇಷದಿಂದಲೂ ಕೇಳುವುದಿಲ್ಲ.

ಆಕೆಯ ದೊಡ್ಡ ಮಗಳ ಮದುವೆ 2013ರಲ್ಲಿ ಮಂದಿರದಲ್ಲಿ ಆಯಿತು. ಪ್ರತಿಷ್ಠೆಯಾದ ಮಂದಿರದೊಳಕ್ಕೆ ಯೋಗ್ಯತಾಪತ್ರ ಇದ್ದವರಿಗೆ ಮಾತ್ರ ಪ್ರವೇಶ, ಆ ಪತ್ರ ಬೇಕಾದರೆ ಅಧ್ಯಕ್ಷರನ್ನು ಪ್ರವಾದಿಯೆಂದು ಒಪ್ಪುತ್ತೀಯಾ ಎಂಬಂಥ ಪ್ರಶ್ನೆಗಳಿಗೆ ಹೌದೆನ್ನಬೇಕು. ಚರ್ಚು ಬಿಟ್ಟ ತಾಯಿಗೆ ಅದು ಎಲ್ಲಿಂದ ಬರಬೇಕು? ಗಂಡ ಒಳಗೆ ಹೋದರು. ಬೀಗರು ಒಳಗೆ ಹೋದರು. ಹೆತ್ತವಳು ಹೊರಗೆ, ಹೂವಿನ ಗಿಡಗಳ ಪಕ್ಕದ ಬೆಂಚಿನ ಮೇಲೆ. ಬೇಕಿದ್ದರೆ ಎಲ್ಲರೆದುರು ಕಾನೂನಿನ ಮದುವೆಯನ್ನು ಮೊದಲು ಮಾಡಿಕೊಳ್ಳಬಹುದಿತ್ತು. ಆದರೆ ಹಾಗೆ ಮಾಡಿದ ಜೋಡಿ ಮಂದಿರದ ಸಂಸ್ಕಾರಕ್ಕೆ ಒಂದು ವರ್ಷ ಕಾಯಬೇಕೆಂಬ ನಿಯಮ ಅಮೆರಿಕದಲ್ಲಿತ್ತು. ನಂಬಿಕಸ್ಥ ಹುಡುಗಿ ಯಾರು ಕಾಯುತ್ತಾಳೆ? ಸ್ವಾರಸ್ಯವೆಂದರೆ, ಬಹಿರಂಗ ವಿವಾಹವೇ ಆಗಬೇಕೆಂಬ ಕಾನೂನಿದ್ದ ಇಂಗ್ಲೆಂಡಿನಂಥ ದೇಶಗಳಲ್ಲಿ ಅದೇ ಚರ್ಚು ಆ ಒಂದು ವರ್ಷವನ್ನು ಕೇಳುತ್ತಿರಲಿಲ್ಲ. ಸರಕಾರಕ್ಕಾಗಿ ಬಗ್ಗುವ ನಿಯಮ ತಾಯಿಗಾಗಿ ಬಗ್ಗಲಿಲ್ಲ.

ಧಾರೆ ಎರೆಯುವ ಹೊತ್ತಿಗೆ ವಿಧವೆಯಾದ ತಾಯಿಯನ್ನು ಹಿಂದಿನ ಸಾಲಿಗೆ ಸರಿಸಿದ್ದನ್ನು ಕಣ್ಣಾರೆ ಕಂಡ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ನಾನಿನ್ನೂ ಅಲ್ಲಿದ್ದಾಗಲೇ, 2019ರ ಮೇ 6ರಂದು ಆ ಒಂದು ವರ್ಷದ ನಿಯಮವನ್ನು ತೆಗೆದುಹಾಕಿರುವುದಾಗಿ ಚರ್ಚಿನ ಪತ್ರ ಹೊರಟಿತು. ಅದಕ್ಕೊಂದು ತಿಂಗಳ ಮೊದಲು, ಸಭೆಗೆ ಎರಡೇ ದಿನ ಇರುವಾಗ, ಸಲಿಂಗ ದಂಪತಿಗಳ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಾರದೆಂದು 2015ರಲ್ಲಿ ಮಾಡಿದ್ದ ನಿಯಮವನ್ನೂ ಹಿಂತೆಗೆದುಕೊಂಡಿದ್ದರು. ನೆರೆಯಾಕೆ ಸುದ್ದಿ ಓದಿ ಹೇಳಿದ್ದು ಇಷ್ಟೆ: “ನಮಗೆ ಆರು ವರ್ಷ ತಡವಾಯಿತು.” ಹೀಗೆ ಬದಲಾಗುವ ನಿಯಮಗಳು ನಿಮ್ಮ ಮಗಳ ಮದುವೆಯನ್ನು ನೀವು ನೋಡುತ್ತೀರೋ ಇಲ್ಲವೋ ಎಂಬುದನ್ನು ನಿರ್ಧರಿಸುವಾಗ, ಆ ನಿಯಮ ಮಾಡುವವರು ಬಾಯಿ ತೆರೆವ ದಿನ ಕಿವಿಗೊಡದೆ ಇರುವುದು ಹೇಗೆ?

ಹೀಗಾಗಿ ಬಿಟ್ಟುಹೋದವರೇ ಈ ಭಾಷಣಗಳ ಅತ್ಯಂತ ಸೂಕ್ಷ್ಮ ವಿಮರ್ಶಕರಾಗಿದ್ದಾರೆ. ಒಳಗಿನವರು ಸಮಾಧಾನಕ್ಕಾಗಿ ಕೇಳುತ್ತಾರೆ, ಇವರು ಒಂದೊಂದು ಪದಕ್ಕಾಗಿ. 2013ರ ಅಕ್ಟೋಬರಿನಲ್ಲಿ ಡೀಟರ್ ಉಖ್ಟ್‌ಡೋರ್ಫ್, ಜರ್ಮನಿಯವರು, ಮೊದಲು ವಿಮಾನದ ಪೈಲಟ್ ಆಗಿದ್ದವರು, ಒಂದು ಭಾಷಣ ಮಾಡಿದ್ದರು. ಚರ್ಚು ಬಿಟ್ಟವರೆಲ್ಲ ಸೋಮಾರಿಗಳು, ಪಾಪಿಗಳು, ಯಾರದೋ ಮಾತಿಗೆ ಮುನಿಸಿಕೊಂಡವರು ಎಂದು ತಿಳಿಯಬೇಡಿ, ಅದು ಅಷ್ಟು ಸರಳವಲ್ಲ. ಚರ್ಚಿನ ನಾಯಕರಿಂದಲೂ ತಪ್ಪುಗಳಾಗಿವೆ ಎಂದರು. ಬಿಟ್ಟವರು ಆ ಭಾಷಣವನ್ನು ಇಂದಿಗೂ ನೆನೆಯುತ್ತಾರೆ. ಅಷ್ಟು ವರ್ಷಗಳಲ್ಲಿ ಪಡಸಾಲೆಯವರೊಬ್ಬರು ಒಳಮನೆಯ ಕಡೆ ಮುಖ ತಿರುಗಿಸಿದಂತಿತ್ತು ಅದು. 2021ರ ಏಪ್ರಿಲ್‌ನಲ್ಲಿ ನೆಲ್ಸನ್, ಸಂದೇಹ ಉಳ್ಳವರು ಇತರ ಸಂದೇಹಿಗಳ ಜೊತೆ ಅದನ್ನೇ ಮೆಲುಕು ಹಾಕಿ ಬೆಳೆಸಿಕೊಳ್ಳಬಾರದು ಎಂದರು. 2023ರ ಅಕ್ಟೋಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಿಕೆಯಿಲ್ಲದವರಿಂದ ಎಂದಿಗೂ ಸಲಹೆ ಪಡೆಯಬೇಡಿ ಎಂದರು. ಹೇಳುವವರಿಗೆ ಅದೊಂದು ಸಾಮಾನ್ಯ ಎಚ್ಚರಿಕೆ. ಕೇಳುವ ತಾಯಿಗೆ ಅನಿಸುವುದು, ಇನ್ನು ಮುಂದೆ ಮಗಳನ್ನು ನಾನು ಏನೂ ಕೇಳುವಂತಿಲ್ಲ, ತನಗೆ ಕೂಸು ಹುಟ್ಟಿದರೆ ಮಗಳು ನನ್ನನ್ನು ಏನೂ ಕೇಳುವುದಿಲ್ಲ ಎಂದು.

ಈ ಪ್ರಸಾರಗಳ ಮೇಲೆ ನನ್ನ ಆಕ್ಷೇಪ ಇಷ್ಟೆ. ಸಿದ್ಧಾಂತ ಅವರದು, ಅದು ಅವರ ಪಾಡು. ಆದರೆ ಬಿಟ್ಟುಹೋದವರ ಬಗ್ಗೆ, ಅವರು ಕಿವಿಯಳತೆಯಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡುತ್ತಾರೆ. ದಾರಿ ತಪ್ಪಿದ ಮಗ, ಖಾಲಿ ಕುರ್ಚಿ, ಕಣ್ಣೀರಿಡುವ ತಾಯಿ – ಕಥೆ ಯಾವಾಗಲೂ ಮನೆಯಲ್ಲಿ ಉಳಿದವರ ಕಡೆಯಿಂದಲೇ. ಹೋದವರಿಗೆ ಆ ಕಥೆಯಲ್ಲಿ ಒಂದೇ ಒಂದು ಕೆಲಸ, ಹಿಂದಿರುಗಿ ಬರುವುದು.

ಬಿಟ್ಟವರ ಕೇಳ್ಮೆಯಲ್ಲಿ ದೋಷವಿಲ್ಲವೆಂದಲ್ಲ. ಯಾರು ಎಷ್ಟು ಸಲ ಗದ್ಗದಿತರಾದರು ಎಂದು ಎಣಿಸಿ ನಗುವುದು, ತೊಂಬತ್ತು ದಾಟಿದ ಮುದುಕರ ನಡುಗುವ ಕೈಯನ್ನು ಆಡಿಕೊಳ್ಳುವುದು ನನಗೆ ಹಿಡಿಸಲಿಲ್ಲ. ಹಾಗೆ ನಗುವವರಲ್ಲಿ ಗಂಡಸರೇ ಹೆಚ್ಚು ಎಂದು ನನ್ನ ಗುಮಾನಿ, ಹೆಂಗಸರಿಗೆ ಸೋಮವಾರದ ಫೋನಿನ ಯೋಚನೆ.

ತಾವಾಗಿ ಬಿಡದೆ, ಚರ್ಚೇ ಹೊರಹಾಕಿದವರೂ ಇದ್ದಾರೆ. ಲವಿನಾ ಫೀಲ್ಡಿಂಗ್ ಆಂಡರ್ಸನ್ ಎಂಬ ಸಂಪಾದಕಿ, ಚರ್ಚಿನ ನಾಯಕರು ಬರಹಗಾರರ ಮೇಲೆ ಹೇರಿದ ಒತ್ತಡಗಳನ್ನು ತಾರೀಖು ಸಹಿತ ಪಟ್ಟಿಮಾಡಿ ಪ್ರಕಟಿಸಿದ್ದಕ್ಕಾಗಿ 1993ರ ಸೆಪ್ಟೆಂಬರಿನಲ್ಲಿ ಬಹಿಷ್ಕಾರಕ್ಕೆ ಒಳಗಾದರು. ಬಹಿಷ್ಕೃತರು ಪ್ರಸಾದದ ರೊಟ್ಟಿ ಮುಟ್ಟುವಂತಿಲ್ಲ, ಸಭೆಯಲ್ಲಿ ಪ್ರಾರ್ಥನೆ ಹೇಳುವಂತಿಲ್ಲ, ಮಾತಾಡುವಂತಿಲ್ಲ. ಆದರೂ ಲವಿನಾ ದಶಕಗಳ ಕಾಲ ಭಾನುವಾರದ ಸಭೆಗೆ ಹೋಗಿ ಕೂತು ಕೇಳಿ ಬರುತ್ತಿದ್ದರು. 2019ರಲ್ಲಿ ಸ್ಥಳೀಯ ನಾಯಕರು ಆಕೆಯನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಶಿಫಾರಸು ಮಾಡಿದರು, ಮೇಲಿನವರು ಒಪ್ಪಲಿಲ್ಲ. 2023ರಲ್ಲಿ ತೀರಿಕೊಂಡರು. ಈಕೆಯ ಕಿವಿಯನ್ನು ಆ ಗಾದೆಯಂಥ ಮಾತಿನ ಯಾವ ಮೂಲೆಯಲ್ಲಿ ಇಡುವುದು?

2025ರ ಸೆಪ್ಟೆಂಬರಿನಲ್ಲಿ ನೆಲ್ಸನ್ 101ನೆಯ ವಯಸ್ಸಿನಲ್ಲಿ ತೀರಿಹೋದರು. ಅಕ್ಟೋಬರಿನಲ್ಲಿ ಡಾಲಿನ್ ಓಕ್ಸ್ ಅಧ್ಯಕ್ಷರಾದರು. ಆ ತಿಂಗಳ ಸಭೆಯನ್ನೂ ನೆರೆಯಾಕೆ ಎರಡು ದಿನ ಕೂತು ನೋಡಿದರಂತೆ, ತಂಗಿಯ ಮಗಳು ಫೋನಿನಲ್ಲಿ ಹೇಳಿದಳು. ತಾಯಿ ಈಗ ಇಲ್ಲ. ಆದರೆ ಮೊಮ್ಮಗಳಿಗೆ ಎಂಟು ತುಂಬಿದೆ. ಆ ಪಂಥದಲ್ಲಿ ದೀಕ್ಷಾಸ್ನಾನದ ವಯಸ್ಸು ಅದು. ಇನ್ನು ಮುಂದೆ ಆ ಹುಡುಗಿಯೂ ಬಣ್ಣದ ಹಾಳೆ ಬದಿಗಿಟ್ಟು ಭಾಷಣ ಕೇಳುತ್ತಾಳೆ, ಕೇಳಿದ್ದನ್ನು ಅಜ್ಜಿಯ ಹತ್ತಿರ ಬಂದು ಕೇಳುತ್ತಾಳೆ.