ಹಿಮದ ಮೇಲೆ ನಡೆಯುವವರನ್ನು ನೋಡುವುದು: ಬಾಗೂರಿನ ರಸಿಕರಿಗೊಂದು ಕೈಪಿಡಿ

ಬಾಗೂರಿನಲ್ಲಿ ಚಳಿಗಾಲವೆಂದರೆ ರಾಗಿ ಕಣದ ಕಾಲ. ಬೆಳಗ್ಗೆ ಇಬ್ಬನಿಗೆ ತೆಂಗಿನ ಗರಿ ತೊಟ್ಟಿಕ್ಕುತ್ತದೆ, ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೇವೆ, ಬಿಸಿಲು ಬಲಿತ ಮೇಲೆ ಬಿಚ್ಚಿಡುತ್ತೇವೆ. ಹಿಮದ ಮಾತೇ ಇಲ್ಲ. ಆದರೆ ಚನ್ನರಾಯಪಟ್ಟಣದ ಸೀಮೆಯಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೇನೂ ಬರವಿಲ್ಲ. ಜನವರಿಯಲ್ಲಿ ಅಲ್ಲಿಂದ ವಾಟ್ಸಾಪಿಗೆ ವಿಡಿಯೊ ಬರುತ್ತದೆ: ಬಿಳಿ ಬಯಲು, ನಾಲ್ಕು ಜನ ಗೆಳೆಯರು, ಎರಡು ನಾಯಿ, ಕಾಲಿಗೆ ಉದ್ದುದ್ದ ಪಟ್ಟಿ. ‘ಚೆನ್ನಾಗಿದೆ ಕಣಪ್ಪ, ಜೋಪಾನ’ ಎಂದು ಬರೆದು ಮುಗಿಸುತ್ತೇವೆ. ಆ ವಿಡಿಯೊವನ್ನು ಇನ್ನೊಮ್ಮೆ ಹಾಕಿ.

ಇದು ಗುಡ್ಡದ ತುದಿಗೆ ತೂಗುಕುರ್ಚಿಯಲ್ಲಿ ಹೋಗಿ ಕೆಳಕ್ಕೆ ಧುಮುಕುವ ಸ್ಕೀಯಿಂಗ್ ಅಲ್ಲ. ಇದು ಕ್ರಾಸ್ ಕಂಟ್ರಿ, ಇದರಲ್ಲಿ ಏರನ್ನೂ ತಮ್ಮ ಕಾಲಲ್ಲೇ ಹತ್ತಬೇಕು. ಬೂಟಿನ ಮುಂತುದಿ ಮಾತ್ರ ಸ್ಕೀಗೆ, ಅಂದರೆ ಆ ಉದ್ದ ಪಟ್ಟಿಗೆ, ಸಿಕ್ಕಿಕೊಂಡಿರುತ್ತದೆ. ಹಿಮ್ಮಡಿ ಪೂರ್ತಿ ಸಡಿಲ. ಕಣ್ಣು ಮೊದಲು ಆ ಹಿಮ್ಮಡಿಯ ಮೇಲಿರಲಿ.

ಸ್ಕೀ ನಡುಭಾಗದಲ್ಲಿ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಭಾರ ಎರಡೂ ಕಾಲಿಗೆ ಹಂಚಿದಾಗ ನಡುಭಾಗ ಹಿಮಕ್ಕೆ ಒತ್ತುವುದಿಲ್ಲ. ಒಂದೇ ಕಾಲ ಮೇಲೆ ಪೂರ್ತಿ ಭಾರ ಬಿಟ್ಟು ಒದ್ದಾಗ ಅದು ಕೆಳಗಿಳಿದು, ಅಲ್ಲಿ ಬಳಿದ ಮೇಣ ಹಿಮವನ್ನು ಕಚ್ಚುತ್ತದೆ. ಆ ಹಿಡಿತದಿಂದ ಇನ್ನೊಂದು ಕಾಲು ಜಾರಿಕೊಂಡು ಹೋಗುತ್ತದೆ. ಹೊಸಬರು ಬೀಳುವ ಭಯಕ್ಕೆ ಎರಡೂ ಕಾಲಲ್ಲಿ ಟಪಟಪ ನಡೆಯುತ್ತಾರೆ. ಪಳಗಿದವರು ಒಂದು ಕಾಲ ಮೇಲೆ ನಿಂತು, ಏನೂ ಮಾಡದೆ, ಜಾರು ಮುಗಿಯುವವರೆಗೆ ಕಾಯುತ್ತಾರೆ. ಕಛೇರಿಯಲ್ಲಿ ತಾಳದ ಪೆಟ್ಟಿಗಿಂತ ಪೆಟ್ಟುಗಳ ನಡುವಣ ಬಿಡುವಿಗೆ ಕಿವಿಗೊಡುತ್ತೀರಲ್ಲ, ಇಲ್ಲಿ ಕಣ್ಣು ಕೊಡಬೇಕಾದದ್ದೂ ಆ ಬಿಡುವಿಗೇ. ಕೈಕೋಲುಗಳ ಬೀಸಾಟಕ್ಕೆ ಮರುಳಾಗಬೇಡಿ.

ಇದರಲ್ಲಿ ಎರಡು ಬಗೆ. ಹಿಮದಲ್ಲಿ ಕೊರೆದ ಜೋಡಿ ಗೆರೆಯೊಳಗೆ ನೇರ ಸಾಗುವುದು ಕ್ಲಾಸಿಕ್. ಕಾಲನ್ನು ಓರೆಯಾಗಿ ಹೊರಕ್ಕೆ ತಳ್ಳುತ್ತ ಹೋಗುವುದು ಸ್ಕೇಟಿಂಗ್. ಅಮೆರಿಕದ ಬಿಲ್ ಕೋಕ್ ಒಂದು ಕಾಲನ್ನು ಗೆರೆಯಲ್ಲಿಟ್ಟು ಇನ್ನೊಂದರಿಂದ ತಳ್ಳುತ್ತ 1982ರ ವಿಶ್ವಕಪ್ ಗೆದ್ದ ಮೇಲೆ ಈ ಬಗೆ ಹಬ್ಬಿತು. ಆಮೇಲೆ ಎರಡಕ್ಕೂ ಬೇರೆ ಬೇರೆ ಸ್ಪರ್ಧೆಗಳಾದವು. ಸ್ಕೇಟಿಂಗ್ ಹೆಚ್ಚು ವೇಗದ್ದು ನಿಜ. ಚೆಂದ ನೋಡಬೇಕೆಂದರೆ ನನ್ನ ಮತ ಕ್ಲಾಸಿಕ್ಕಿಗೆ.

ಹೊರಡುವ ಮುಂಚೆ ಮೇಣ ಬಳಿಯುವ ಹತ್ತು ನಿಮಿಷವೂ ನೋಡುವಂಥದ್ದೇ. ಕಡುಚಳಿಗೆ ಹಸಿರು ಮೇಣ, ಅದಕ್ಕಿಂತ ಕಡಿಮೆ ಚಳಿಗೆ ನೀಲಿ, ಹಿಮ ಕರಗುವ ಹೊತ್ತಿಗೆ ಕೆಂಪು. ಲೆಕ್ಕ ತಪ್ಪಿದರೆ ಒಂದೋ ಕಾಲು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಅಡಿಗೆ ಹಿಮದ ಗಡ್ಡೆ ಮೆತ್ತಿಕೊಳ್ಳುತ್ತದೆ. ಹೀಗಾಗಿ ನಾಲ್ವರು ಗೆಳೆಯರಿದ್ದಲ್ಲಿ ಐದು ಅಭಿಪ್ರಾಯ. ಹೊಸ ಹಿಮ ಬಿದ್ದ ದಿನ ಮುಂದಿರುವವರು ದಾರಿ ತುಳಿಯಬೇಕು, ಅದು ಮೈಮುರಿಯುವ ಕೆಲಸ. ಸುಸ್ತಾದವರು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗುತ್ತಾರೆ, ಎರಡನೆಯವರು ಮುಂದಾಗುತ್ತಾರೆ. ಯಾರೂ ಹೇಳದೆ ನಡೆಯುವ ಈ ಪಾಳಿಯಲ್ಲೇ ಆ ಗುಂಪಿನ ಹಳೆಯ ಸ್ನೇಹ ಗೊತ್ತಾಗುತ್ತದೆ.

ಇನ್ನು ನಾಯಿಗಳು. ನಾಯಿಯ ಎದೆಪಟ್ಟಿಯಿಂದ ಹಿಗ್ಗುವ ಹಗ್ಗವೊಂದು ಮನುಷ್ಯನ ಸೊಂಟಪಟ್ಟಿಗೆ ಬರುತ್ತದೆ. ಈ ಆಟಕ್ಕೆ ಸ್ಕೀಜೋರಿಂಗ್ ಎನ್ನುತ್ತಾರೆ. 1928ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸ್‌ನಲ್ಲಿ ಇದರ ಪ್ರದರ್ಶನ ನಡೆದಾಗ ಎಳೆದದ್ದು ಕುದುರೆಗಳು. ನಾಯಿಯಾದರೆ ಹಸ್ಕಿ ತಳಿಯದೇ ಬೇಕೆಂದಿಲ್ಲ, ಓಟದ ಹುಚ್ಚಿರುವ ಬೇಟೆನಾಯಿಗಳು ಅದನ್ನೂ ಮೀರಿಸುತ್ತವೆ. ಕಡಿವಾಣವಿಲ್ಲ, ಬಾಯಿಮಾತೇ ಎಲ್ಲ. ಬಲಕ್ಕೆ ‘ಜೀ’, ಎಡಕ್ಕೆ ‘ಹಾ’. ಎತ್ತು, ಕುದುರೆ ಹೂಡುವವರ ಕೂಗುಗಳಿವು. ಎಡಗೋಲು, ಬಲಗೋಲು ಎತ್ತುಗಳನ್ನು ಪಳಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ನೋಡಬೇಕಾದದ್ದು ಹಗ್ಗ. ಮನುಷ್ಯ ಸುಮ್ಮನೆ ನಿಂತು ಎಳೆಸಿಕೊಂಡರೆ ಅದು ಜಗ್ಗಿ ಜಗ್ಗಿ ಬಿಡುತ್ತದೆ. ತಾನೂ ಒದ್ದು ಜಾರುತ್ತಿದ್ದರೆ ಒಂದೇ ಹದದಲ್ಲಿ ಬಿಗಿಯಾಗಿರುತ್ತದೆ. ನಿಂತಾಗ ನಾಯಿ ಹಿಮದಲ್ಲಿ ಹೊರಳಿ, ಬಾಯ್ತುಂಬ ಹಿಮ ತಿಂದು, ಪಾದ ಮೇಲೆತ್ತುತ್ತದೆ. ಒಡೆಯ ಕೈಗವಸು ಬಿಚ್ಚಿ, ಬೆರಳ ಬಿಸಿಯಿಂದ ಪಾದದ ಸಂದಿಯ ಮಂಜುಗಡ್ಡೆಯನ್ನು ಕರಗಿಸಿ ತೆಗೆಯುತ್ತಾನೆ. ವಿಡಿಯೊದವರು ಇದನ್ನು ಕತ್ತರಿಸಿಬಿಡುತ್ತಾರೆ, ಅದೊಂದು ನಷ್ಟ.

ಸ್ಪರ್ಧೆ ನೋಡುವುದಾದರೆ ನಮ್ಮವರಿಂದಲೇ ಶುರುಮಾಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. 2025ರಲ್ಲಿ ಚಿಲಿಯ ಕೊರಾಲ್ಕೊದಲ್ಲಿ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು. ಅದು ಒಬ್ಬೊಬ್ಬರನ್ನೇ ಬಿಡುವು ಕೊಟ್ಟು ಬಿಡುವ ಬಗೆ, ಹಾಗಾಗಿ ಮುಂದೆ ಕಾಣುವವರೇ ಮುಂದಿದ್ದಾರೆ ಅಂದುಕೊಳ್ಳಬೇಡಿ, ಗಡಿಯಾರ ನೋಡಿ. ಕೊನೆಯವರು ಬರುವವರೆಗೂ ಟಿ.ವಿ. ಆರಿಸಬೇಡಿ. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ 10 ಕಿ.ಮೀ. ಗೆದ್ದ ನಾರ್ವೆಯ ಬ್ಯೋರ್ನ್ ದೇಲಿ, ಎಲ್ಲರಿಗಿಂತ ಕೊನೆಗೆ ಬಂದ ಕೀನ್ಯಾದ ಫಿಲಿಪ್ ಬೋಯಿಟ್‌ಗಾಗಿ ಕಾದು ನಿಂತು ತಬ್ಬಿಕೊಂಡರು. ಬೋಯಿಟ್ ಮೊದಲ ಸಲ ಸ್ಕೀ ಕಟ್ಟಿದ್ದು 1996ರಲ್ಲಿ.

ಹಿಮವಿಲ್ಲದ ತಿಂಗಳುಗಳಲ್ಲಿ ಈ ಆಟಗಾರರು ಗಾಲಿ ಕಟ್ಟಿದ ರೋಲರ್ ಸ್ಕೀಗಳಲ್ಲಿ ಟಾರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಬಾಗೂರಿನ ರಸ್ತೆಗೆ ಯಾರಾದರೂ ಅದನ್ನು ತಂದರೆ ಜೊತೆಗೆ ಓಡಲು ನಾಯಿಗಳಿಗೇನೂ ಕೊರತೆಯಾಗದು. ಎಳೆಯುವುದಕ್ಕಲ್ಲ, ಅಟ್ಟಿಸಿಕೊಂಡು ಹೋಗುವುದಕ್ಕೆ.