ತೋಳಕ್ಕೂ ಒಂದು ಸರದಿ

ನಿಯಮಪುಸ್ತಕವನ್ನು ರುಚಿಗಾಗಿ ಓದುವವರು ಕಡಿಮೆ. ಓದುವ ಚಟ ಹತ್ತಿದವರಿಗೆ ಗೊತ್ತು, ಅದರೊಳಗೂ ಒಂದು ಅಕ್ಷರ ಕದಲಿಸಲಾಗದಷ್ಟು ಹದವಾಗಿ ಕೂತ ವಾಕ್ಯಗಳಿರುತ್ತವೆ ಅಂತ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನನಗೆ ಅಂಥ ಒಂದು ವಾಕ್ಯ ಸಿಕ್ಕಿದ್ದು 2020ರ ನವೆಂಬರಿನಲ್ಲಿ ಬಂದ ‘ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಪುಸ್ತಕದಲ್ಲಿ. ರೇಂಜರ್ ತನ್ನ ಸಂಗಾತಿ ಪ್ರಾಣಿಗೆ ಯಾವಾಗ, ಏನು ತೆತ್ತು ಅಪ್ಪಣೆ ಕೊಡಬಹುದು ಅನ್ನುವ ವಾಕ್ಯ ಅದು. ಆರು ವರ್ಷ ಎಲ್ಲರ ನಗೆಪಾಟಲಿಗೆ ಈಡಾಗಿದ್ದ ಪಾತ್ರವೊಂದು ಅದರಿಂದ ಎದ್ದು ನಿಂತಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಪಾತ್ರವಾಗಿ ಮಾತಾಡುವ ಆಟ ಇದು. ತಾಳಮದ್ದಳೆ ಕೇಳಿದವರಿಗೆ ಬೇಗ ಅರ್ಥವಾದೀತು. ಅಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಇಪ್ಪತ್ತು ಮುಖದ ದಾಳ ಉರುಳಿ ನಿಲ್ಲುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಕಥೆ ನಡೆಸುವವರು ಡಂಜನ್ ಮಾಸ್ಟರ್. ಉಳಿದವರು ಫೈಟರ್, ವಿಝರ್ಡ್, ರೋಗ್ ಹೀಗೆ ಒಂದೊಂದು ಕ್ಲಾಸ್ ಆರಿಸಿಕೊಳ್ಳುತ್ತಾರೆ. ಕಾಳಗದಲ್ಲಿ ಪ್ರತಿಯೊಬ್ಬರಿಗೂ ಸರದಿ ಬರುತ್ತದೆ. ಒಂದು ಸರದಿಗೆ ಒಂದು ಆ್ಯಕ್ಷನ್. ಜತೆಗೆ, ಪಾತ್ರಕ್ಕೆ ಆ ಶಕ್ತಿ ಇದ್ದರೆ, ಚಿಕ್ಕದೊಂದು ಬೋನಸ್ ಆ್ಯಕ್ಷನ್. ಈ ಆಟದ ನಿಜವಾದ ನಾಣ್ಯ ಇದೇ. ಚಿನ್ನದ ವರಹ ಎಷ್ಟೇ ಇರಲಿ, ಸರದಿಯಲ್ಲಿ ಏನು ಮಾಡಲು ಸಿಗುತ್ತದೆ ಅನ್ನುವುದರ ಮೇಲೇ ಪಾತ್ರದ ಬೆಲೆ.

ರೇಂಜರ್ ಈ ಮೇಜಿನ ಹಳೆಯ ಕುಳ. ಆಟ ಹೊರಬಂದದ್ದು 1974ರಲ್ಲಿ. ಮರುವರ್ಷವೇ ಜೋ ಫಿಶರ್ ಎಂಬವರು ‘ದಿ ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯಲ್ಲಿ ಇವನನ್ನು ಪರಿಚಯಿಸಿದರು. ಟೋಲ್ಕಿನ್ನರ ಅರಗಾರ್ನನ ನೆರಳು ಢಾಳಾಗಿ ಕಾಣುತ್ತದೆ: ಕಾಡಿನಂಚಿನಲ್ಲಿ ಅಲೆಯುವವನು, ಹೆಜ್ಜೆ ಗುರುತು ಓದಬಲ್ಲವನು. 1978ರ ಪುಸ್ತಕದಲ್ಲಿ, ಮೊದಲ ಲೆವೆಲ್‌ನಲ್ಲಿ ಫೈಟರ್‌ಗೆ ಪ್ರಾಣಬಲದ ದಾಳ ಒಂದಾದರೆ ಇವನಿಗೆ ಎರಡು. ಹತ್ತು ವರ್ಷದ ಮೇಲೆ ಆರ್. ಎ. ಸಾಲ್ವಟೋರ್ ‘ದಿ ಕ್ರಿಸ್ಟಲ್ ಶಾರ್ಡ್’ ಕಾದಂಬರಿ ಬರೆದರು. ಎರಡು ಕತ್ತಿಯ ಡ್ರಿಝ್ಟ್, ಅವನ ಪಕ್ಕದಲ್ಲಿ ಗ್ವೆನ್‌ಹ್ವಿವಾರ್ ಎಂಬ ಕರಿಚಿರತೆ. ಆಮೇಲೆ ರೇಂಜರ್ ಆಗಬೇಕೆಂದವರೆಲ್ಲರ ಕಣ್ಣಲ್ಲಿ ಆ ಚಿರತೆಯೇ. (ಆ ಚಿರತೆ ಬರುತ್ತಿದ್ದದ್ದು ಮಂತ್ರಿಸಿದ ಪುಟ್ಟ ಗೊಂಬೆಯೊಂದರಿಂದ, ರೇಂಜರ್‌ಗಿರಿಗೂ ಅದಕ್ಕೂ ಸಂಬಂಧವಿಲ್ಲ. ಆಸೆಗೆ ಇಂಥ ಲೆಕ್ಕ ಎಲ್ಲಿಯದು!)

2014ರ ಐದನೇ ಆವೃತ್ತಿಯಲ್ಲಿ ಈ ಆಸೆಗೆ ‘ಬೀಸ್ಟ್ ಮಾಸ್ಟರ್’ ಎಂದು ಹೆಸರಿಟ್ಟರು. ಮೂರನೇ ಲೆವೆಲ್‌ನಲ್ಲಿ ಒಂದು ಪ್ರಾಣಿ ನಿಮ್ಮದು. ತೋಳವನ್ನೇ ಆರಿಸಿಕೊಂಡಿರಿ ಅನ್ನಿ. ನಿಮ್ಮ ಬಿಲ್ಲಿನ ಒಂದು ಬಾಣ ಸರಾಸರಿ ಏಳೂವರೆ ಪೆಟ್ಟು ಕೊಟ್ಟರೆ, ತೋಳದ ಕಚ್ಚು ಒಂಬತ್ತು ಕೊಡುತ್ತದೆ. ಖುಷಿಯ ವಿಷಯವೇ. ಆದರೆ ತೋಳ ಕಚ್ಚಬೇಕಾದರೆ ನಿಮ್ಮ ಆ್ಯಕ್ಷನ್ ಖರ್ಚು ಮಾಡಿ ಅಪ್ಪಣೆ ಕೊಡಬೇಕು. ನೀವು ಬಾಣ ಬಿಟ್ಟರೆ ತೋಳ ಸುಮ್ಮನಿರುತ್ತದೆ. ತೋಳ ಕಚ್ಚಿದರೆ ನೀವು ಸುಮ್ಮನಿರಬೇಕು. ಅಂದರೆ ಲೆಕ್ಕ ಬಲ್ಲ ಆಟಗಾರ ಬಿಲ್ಲನ್ನು ಬೆನ್ನಿಗೆ ಹಾಕಿಕೊಂಡು ಹಿಂದೆ ನಿಂತು ‘ಛೂ’ ಅನ್ನುವುದೇ ಲಾಭ. ಡ್ರಿಝ್ಟ್ ಆಗಲು ಬಂದವನು ನಾಯಿ ಬಿಡುವವನಾದ.

ಇನ್ನೂ ಕಟುವಾದದ್ದು ಪ್ರಾಣಬಲದ್ದು. ಆ ತೋಳಕ್ಕೆ ಸಿಗುತ್ತಿದ್ದದ್ದು ರೇಂಜರ್‌ನ ಲೆವೆಲ್‌ನ ನಾಲ್ಕು ಪಟ್ಟು, ಅಂದರೆ ಹನ್ನೆರಡು. ಓಗರ್ ಎಂಬ ದೈತ್ಯನ ದೊಣ್ಣೆಯ ಒಂದು ಏಟು ಸರಾಸರಿ ಹದಿಮೂರು. ತಗುಲಿತು, ಮುಗಿಯಿತು. ಆಮೇಲೆ ಎಂಟು ಗಂಟೆ ಕೂತು ಬೇರೊಂದು ಪ್ರಾಣಿಯ ಜತೆ ನಂಟು ಬೆಳೆಸಬೇಕು. ಹೆಸರಿಟ್ಟು, ಕಥೆ ಕಟ್ಟಿ, ರಾತ್ರಿ ಬೆಂಕಿಯ ಪಕ್ಕ ಮಲಗಿಸಿಕೊಂಡ ತೋಳಕ್ಕೆ ಪುಸ್ತಕ ಕೊಡುತ್ತಿದ್ದ ಬೆಲೆ ಅಷ್ಟೇ.

ಗುಣಪಡಿಸುವ ಯತ್ನಗಳು ನಡೆಯದೆ ಇರಲಿಲ್ಲ. ಆಟವನ್ನು ಹೊರತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2015ರಲ್ಲಿ ಒಂದು, 2016ರಲ್ಲಿ ಇನ್ನೊಂದು ಪ್ರಾಯೋಗಿಕ ಕರಡು ಹೊರಬಿಟ್ಟಿತು. ಎರಡನೆಯದರಲ್ಲಿ ಪ್ರಾಣಿಗೆ ತನ್ನದೇ ಸರದಿ ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಅದರ ಜತೆ ಮೊದಲ ಲೆವೆಲ್‌ನಲ್ಲೇ ವರಗಳನ್ನು ರಾಶಿ ಹಾಕಿಬಿಟ್ಟರು: ಕಾಳಗದಲ್ಲಿ ಬೇಗ ಸರದಿ, ಇನ್ನೂ ಕೈ ಎತ್ತದ ಶತ್ರುವಿನ ಮೇಲೆ ಅನುಕೂಲ, ಕೆಸರು ಕಲ್ಲು ಲೆಕ್ಕಕ್ಕಿಲ್ಲ. ಒಂದು ಲೆವೆಲ್ ರೇಂಜರ್ ಆಗಿ, ಇವನ್ನೆಲ್ಲ ಬಾಚಿಕೊಂಡು, ಬೇರೆ ಕ್ಲಾಸಿಗೆ ಜಿಗಿಯುವವರಿಗೆ ಹಬ್ಬ. 2000ದ ಮೂರನೇ ಆವೃತ್ತಿಯ ರೇಂಜರ್‌ಗೂ ಇದೇ ರೋಗವಿತ್ತು. 2003ರಲ್ಲಿ ಅದನ್ನು ವಾಸಿ ಮಾಡಿಯೂ ಇದ್ದರು. ಸೊರಗಿದವನ ತಟ್ಟೆಗೆ ಒಂದೇ ಸಲ ಎಲ್ಲ ಬಡಿಸಿದರೆ ತಿನ್ನುವವರು ಬೇರೆಯವರೇ.

ಆಮೇಲೆ 2020ರ ಆ ವಾಕ್ಯ. ಪ್ರಾಣಿ ನಿಮ್ಮ ಸರದಿಯಲ್ಲೇ ನಡೆಯುತ್ತದೆ. ಅಪ್ಪಣೆ ಇಲ್ಲದಿದ್ದರೆ ಏಟು ತಪ್ಪಿಸಿಕೊಳ್ಳುತ್ತ ಇರುತ್ತದೆ. ಅಪ್ಪಣೆಗೆ ಬೇಕಾದದ್ದು ಬೋನಸ್ ಆ್ಯಕ್ಷನ್ ಮಾತ್ರ. ಬದಲಾದದ್ದು ಇಷ್ಟೇ: ಅಪ್ಪಣೆ ದೊಡ್ಡ ಮನೆಯಿಂದ ಹೊರಟು ಪಕ್ಕದ ಚಿಕ್ಕ ಕೋಣೆಗೆ ಬಂತು. ಬಾಣವೂ ಹೋಯಿತು, ತೋಳವೂ ನೆಗೆಯಿತು, ಒಂದೇ ಸರದಿಯಲ್ಲಿ.

ಅದಕ್ಕೆ ಅಂಟಿಸಿದ ಬಾಲವೊಂದಿದೆ. ಕುಶಲಕರ್ಮ ಕಾಣುವುದು ಅಲ್ಲಿ. ರೇಂಜರ್‌ನ ಬೋನಸ್ ಆ್ಯಕ್ಷನ್‌ಗೆ ಮೊದಲೇ ಒಬ್ಬ ಹಕ್ಕುದಾರನಿದ್ದ, ‘ಹಂಟರ್ಸ್ ಮಾರ್ಕ್’ ಎಂಬ ಮಂತ್ರ. ಬೇಟೆಯ ಮೇಲೆ ಗುರುತು ಹಾಕಿದರೆ ಪ್ರತಿ ಏಟಿಗೂ ಇನ್ನೊಂದು ಆರು ಮುಖದ ದಾಳ. ಗುರುತು ಹಾಕಿದ ಸರದಿಯಲ್ಲಿ ತೋಳ ಮತ್ತೆ ಮೂಕವಾಗಬೇಕಾಗಿತ್ತು. ಹಾಗಾಗದಂತೆ ಬರೆದಿದ್ದಾರೆ: ನಿಮ್ಮ ಏಟುಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೂ ಪ್ರಾಣಿಗೆ ಎರಗುವ ಅಪ್ಪಣೆ ಕೊಡಬಹುದು. ಒಂದು ಸರದಿಗೆ ಎರಡು ಬಾಣ ಬಿಡಬಲ್ಲ ಐದನೇ ಲೆವೆಲ್‌ನ ಆಟಗಾರ್ತಿಯ ಸರದಿ ಈಗ ಹೀಗಿರುತ್ತದೆ. ಗುರುತು ಹಾಕುತ್ತಾಳೆ, ಒಂದು ಬಾಣ ಬಿಡುತ್ತಾಳೆ, ಎರಡನೆಯ ಬಾಣ ಬಿಡದೆ ಸನ್ನೆ ಮಾಡುತ್ತಾಳೆ. ಪ್ರಾಣಿ ನೇರ ಇಪ್ಪತ್ತಡಿ ಓಡಿಬಂದು ಡಿಕ್ಕಿ ಹೊಡೆಯುತ್ತದೆ. ದಾಳ ಒಲಿದರೆ ಶತ್ರು ನೆಲಕ್ಕೆ. ಪಕ್ಕದಲ್ಲಿ ಕೂತ ಫೈಟರ್ ಬಿದ್ದವನ ಮೇಲೆ ಕತ್ತಿ ಎತ್ತುತ್ತಾನೆ. ಅವಳು ಬಿಡದ ಬಾಣದ ಫಲ ಅವನಿಗೆ ಸಿಕ್ಕಿತು. ಅಂಕಿ ಏರಿಸಿದ್ದರೆ ಈ ಸನ್ನಿವೇಶ ಹುಟ್ಟುತ್ತಿರಲಿಲ್ಲ.

ಪ್ರಾಣಬಲವೂ ಸುಧಾರಿಸಿತು: ಲೆವೆಲ್‌ನ ಐದು ಪಟ್ಟು, ಮೇಲೆ ಐದು. ಮೂರನೇ ಲೆವೆಲ್‌ನಲ್ಲಿ ಇಪ್ಪತ್ತು. ಓಗರ್‌ನ ಸರಾಸರಿ ಏಟಿಗೆ ಈಗ ಸಾಯುವುದಿಲ್ಲ. ಸತ್ತರೂ, ಒಂದು ಗಂಟೆಯೊಳಗೆ ಮುಟ್ಟಿ ಒಂದು ಮಂತ್ರದ ಶಕ್ತಿ ವ್ಯಯಿಸಿದರೆ ನಿಮಿಷದಲ್ಲಿ ಅದೇ ಪ್ರಾಣಿ ಎದ್ದು ಬರುತ್ತದೆ. ಅದೇ ಪ್ರಾಣಿ, ಅದೇ ಹೆಸರು.

ಹಾಗಂತ ಎಲ್ಲವೂ ಚಂದವಲ್ಲ. ಹಳೆಯ ಪುಸ್ತಕದಲ್ಲಿ ತೋಳ ತೋಳವೇ ಆಗಿತ್ತು: ಗೆಳೆಯ ಪಕ್ಕದಲ್ಲಿದ್ದರೆ ಗುಂಪುಬೇಟೆಯ ಅನುಕೂಲ, ಕಚ್ಚಿ ಕೆಡಹುವ ಶಕ್ತಿ. ಹೊಸದರಲ್ಲಿ ನೆಲದ ಪ್ರಾಣಿ, ನೀರಿನ ಪ್ರಾಣಿ, ಬಾನಿನ ಪ್ರಾಣಿ ಎಂದು ಮೂರೇ ಅಚ್ಚು. ತೋಳಕ್ಕೂ ಚಿರತೆಗೂ ಹಂದಿಗೂ ಅಂಕಿಯಲ್ಲಿ ಭೇದವಿಲ್ಲ. ಭೇದವನ್ನು ಆಟಗಾರರೇ ಮಾತಿನಲ್ಲಿ ತುಂಬಬೇಕು. ನನಗೆ ಇದು ನಷ್ಟವೇ.

ಕಾಡಿನ ವಿಷಯದಲ್ಲಂತೂ ನನ್ನ ತಕರಾರು ಇನ್ನೂ ತೀರಿಲ್ಲ. 2014ರ ‘ನ್ಯಾಚುರಲ್ ಎಕ್ಸ್‌ಪ್ಲೋರರ್’ ಓದಿ ನೋಡಿ: ನೆಚ್ಚಿನ ನೆಲದಲ್ಲಿ ಮಾಯೆಯ ಹೊರತು ತಂಡ ದಾರಿ ತಪ್ಪುವುದಿಲ್ಲ, ಕಷ್ಟದ ನೆಲ ನಡಿಗೆಗೆ ಅಡ್ಡಿಯಲ್ಲ, ಹುಡುಕಿದರೆ ಆಹಾರ ದುಪ್ಪಟ್ಟು. ಓದಲು ಎಷ್ಟು ಭರ್ಜರಿ! ಮೇಜಿನ ಮೇಲೆ ಆಗುವುದೇ ಬೇರೆ. ದಾರಿ ತಪ್ಪುವ ಭಯವಿಲ್ಲ, ಹಸಿವಿಲ್ಲ. ಡಂಜನ್ ಮಾಸ್ಟರ್ ‘ಮೂರು ದಿನ ನಡೆದು ತಲುಪಿದಿರಿ’ ಎಂದು ಮುಂದಕ್ಕೆ ಹೋಗುತ್ತಾರೆ. ರೇಂಜರ್ ಮಿಂಚಬೇಕಿದ್ದ ಜಾಗವನ್ನೇ ಅವನ ವರ ನುಂಗಿತು. ಊರೊಳಗೆ ಕಾಲಿಟ್ಟರಂತೂ ಆ ವರ ಕೆಲಸಕ್ಕೇ ಬರುವುದಿಲ್ಲ. ಆದರೆ ಅದೇ ಪಟ್ಟಿಯ ಕೊನೆಯಲ್ಲಿ ಒಂದು ರತ್ನವಿದೆ. ಹೆಜ್ಜೆ ಗುರುತು ಹಿಂಬಾಲಿಸುವಾಗ ಹೋದವರು ಎಷ್ಟು, ಎಷ್ಟೆಷ್ಟು ದೊಡ್ಡವರು, ಯಾವಾಗ ದಾಟಿದರು ಎಂಬುದು ತಿಳಿಯುತ್ತದೆ. ಏಳು ಮಂದಿ, ಅದರಲ್ಲೊಬ್ಬ ದೈತ್ಯ, ಬೆಳಗಿನ ಜಾವ ದಾಟಿದ್ದಾರೆ ಅಂತ ಗೊತ್ತಾದ ಕೂಡಲೇ ಮೇಜಿನ ಸುತ್ತ ಚರ್ಚೆ ಶುರು. ಟಾಶಾ ಪುಸ್ತಕ ಕೊಟ್ಟ ಬದಲಿ ವರದಲ್ಲಿ ಒಂದು ವಿದ್ಯೆಯಲ್ಲಿ ಪಳಗಿದ ಕೈ, ಎರಡು ಭಾಷೆ ಸಿಗುತ್ತವೆ. ಎಲ್ಲೆಡೆ ಉಪಯೋಗಕ್ಕೆ ಬರುತ್ತವೆ, ನಿಜ. ಆ ರತ್ನ ಮಾತ್ರ ಉಳಿಯಲಿಲ್ಲ.

2024ರ ಹೊಸ ಪುಸ್ತಕ ಇಡೀ ಕ್ಲಾಸನ್ನು ‘ಹಂಟರ್ಸ್ ಮಾರ್ಕ್’ನ ಸುತ್ತ ಕಟ್ಟಿತು. ಆ ಮಂತ್ರಕ್ಕೆ ಏಕಾಗ್ರತೆ ಬೇಕು; ರೇಂಜರ್‌ನ ಇನ್ನೆಷ್ಟೋ ಒಳ್ಳೆಯ ಮಂತ್ರಗಳಿಗೂ ಬೇಕು; ಒಂದು ಸಲಕ್ಕೆ ಒಂದೇ ಹಿಡಿಯಬಹುದು. ಇಪ್ಪತ್ತನೇ ಲೆವೆಲ್‌ನ ಕಿರೀಟವರವೆಂದರೆ ಆರು ಮುಖದ ದಾಳ ಹತ್ತು ಮುಖದ್ದಾಗುವುದು, ಏಟಿಗೆ ಸರಾಸರಿ ಎರಡು ಹೆಚ್ಚು. ಅದೇ ಎತ್ತರದಲ್ಲಿ ವಿಝರ್ಡ್ ‘ವಿಶ್’ ಮಂತ್ರ ಹಾಕಿ ಲೋಕವನ್ನೇ ತಿದ್ದುತ್ತಿರುತ್ತಾನೆ.

ನಿಮ್ಮ ಮೇಜಿನಲ್ಲಿ ಇನ್ನೂ 2014ರ ಪುಸ್ತಕವೇ ಓಡುತ್ತಿದ್ದರೆ, ಯಾರಾದರೂ ರೇಂಜರ್ ಆಗುತ್ತೇನೆಂದರೆ ಬೇಡ ಅನ್ನಬೇಡಿ. ಹೊಸ ಪುಸ್ತಕ ಕೊಳ್ಳುವುದೂ ಬೇಡ. ಪ್ರಾಣಿಯ ಅಪ್ಪಣೆಯನ್ನು ಬೋನಸ್ ಆ್ಯಕ್ಷನ್‌ಗೆ ಸರಿಸಿ, ಪ್ರಾಣಬಲವನ್ನು ಹೊಸ ಲೆಕ್ಕಕ್ಕೆ ಏರಿಸಿ, ತೋಳಕ್ಕೆ ತೋಳದ ಗುಣಗಳನ್ನು ಉಳಿಸಿಕೊಡಿ. ‘ದಾರಿ ತಪ್ಪುವುದಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ಬದಲಿಗೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಲು ಬಿಡಿ. ಹೆಜ್ಜೆ ಗುರುತಿನ ಸಾಲನ್ನು ಮಾತ್ರ ಮುಟ್ಟಬೇಡಿ.